ನಡುಗಲ್ಲಿನವರೆಗಿನ ಖಾತ್ರಿ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಕುರಿ ಕಾಯುತ್ತಿದ್ದ ಮಾಳಪ್ಪಜ್ಜ. ಹೊಳೆ ದಾಟಿಸುವಾಗ ಕುರುಬರು ಮರಿಯನ್ನು ಹೆಗಲ ಮೇಲೆ ಮೊದಲು ಒಯ್ಯುತ್ತಾರೆ. ತಾಯಿ ತಾನಾಗಿಯೇ ಹಿಂದೆ ಬರುತ್ತದೆ. ಹಾಗೊಮ್ಮೆ ಮರಿಯೂ ಮಂದೆಯೂ ಆಚೆ ಹೋದ ಮೇಲೆ, ಒಂದು ಕುಂಟು ತಾಯಿಕುರಿ ಈಚೆ ದಡದಲ್ಲಿ ಒಂಟಿಯಾಗಿ ಉಳಿಯಿತು.

"ಈ ನೀರು ನನ್ನನ್ನು ದಾಟಗೊಟ್ಟೀತೇ?" ಎಂದು ದಡದಲ್ಲಿದ್ದ ಕಾಗೆ, ಕಪ್ಪೆ, ಆಮೆಗಳನ್ನು ಕೇಳಿತು.

"ಖಂಡಿತ! ಅನುಮಾನವೇ ಬೇಡ," ಎಂದಿತು ಕಾಗೆ.

"ಇಳಿದು ನೋಡಿದೆಯಾ?"

"ರೆಕ್ಕೆ ಇರುವವನು ಯಾಕೆ ಇಳಿಯಲಿ, ತಾಯಿ?"

ಕಪ್ಪೆ ಎದೆಯುಬ್ಬಿಸಿತು. "ನನಗಂತೂ ಪೂರ್ತಿ ಧೈರ್ಯವಿದೆ."

"ಅದು ನಿನ್ನ ಈಜಿನ ಮೇಲಿನ ಧೈರ್ಯ, ತಮ್ಮಾ. ನಾನು ಕೇಳಿದ್ದು ನೀರಿನ ಮಾತು."

ಆಮೆ ನಿಧಾನವಾಗಿ ಹೇಳಿತು: "ಬೆಳಿಗ್ಗೆ ತಳದ ಮೇಲೆ ನಡೆದಿದ್ದೇನೆ. ಹೊಳೆ ಮಧ್ಯದ ಆ ನಡುಗಲ್ಲಿನವರೆಗೆ ನಿನ್ನ ಮೊಣಕಾಲುದ್ದ ನೀರು, ಅಷ್ಟು ಖಾತ್ರಿ. ಅದರಾಚೆ ಹೋಗಿಲ್ಲ, ಹೇಳಲಾರೆ."

ಕುರಿ ನಡುಗಲ್ಲಿನವರೆಗೆ ಹೋಗಿ ನಿಂತಿತು. ಅಲ್ಲಿಂದ ಮುಂದೆ ಯಾರ ಖಾತ್ರಿಯೂ ಅದರ ಜೊತೆಗಿರಲಿಲ್ಲ. ಆಚೆ ದಡದಲ್ಲಿ ಮರಿ ಕೂಗಿತು.

"ಶಿವನೇ, ಆಳ ನನಗೆ ತಿಳಿಯದು, ನಿನ್ನನ್ನು ನಂಬಿದ್ದೇನೆ," ಎಂದು ಕುರಿ ಕಾಲಿಟ್ಟಿತು. ನೀರು ಕತ್ತಿನವರೆಗೆ ಬಂತು, ಮೂಗಿಗೆ ಬರಲಿಲ್ಲ; ಕುರಿ ಆಚೆ ದಡದ ಮರಿಯನ್ನು ಸೇರಿತು.

ನಿಮ್ಮ ಮನೆಯವರಿಗೂ ಈ ಕಥೆ ಹೇಳಿ. ಹೇಳುವಾಗ ಆಮೆಯ ಮಾತಿಗೆ ಮಾತ್ರ ಏನನ್ನೂ ಸೇರಿಸಬೇಡಿ.