ಒರೆಯೊಳಗಿನ ಮ್ಯಾಗ್ನಮ್

ಅರಣ್ಯಾಧಿಕಾರಿ ಚಂಗಪ್ಪನವರ ಬಳಿ ಹೆಚ್ಚು ಮದ್ದಿನ ಗುಂಡು ಹಾರಿಸುವ ಹಳೆಯ ಮ್ಯಾಗ್ನಮ್ ರಿವಾಲ್ವರ್ ಒಂದಿತ್ತು. ಕಾಡಿನಿಂದ ಬಂದಾಗಲೆಲ್ಲ ಅವರು ಗುಂಡು ತೆಗೆದು, ನಳಿಗೆಯೊಳಗೆ ಬ್ರಷ್ ಆಡಿಸಿ, ಎಣ್ಣೆ ಸವರಿ ಇಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಹೆಂಡತಿ ಬೋಜಮ್ಮ ಅದನ್ನು ಚರ್ಮದ ಒರೆಯಲ್ಲಿಟ್ಟು ಬೀರುವಿಗೆ ಬೀಗ ಹಾಕಿದರು. ಗಂಡನ ಕೈಯಲ್ಲಿದ್ದ ವಸ್ತುವನ್ನು ನೋಡುವ ಧೈರ್ಯ ಅವರಿಗಿರಲಿಲ್ಲ.

ಮಳೆಗಾಲ ಬಂತು. ರಿವಾಲ್ವರ್ ಒರೆಗೆ ಹೇಳಿತು: “ನಿನ್ನ ಮೈ ಒದ್ದೆಯಾಗಿದೆ. ಸ್ವಲ್ಪ ಸಡಿಲ ಬಿಡು.”

“ಎಂಥೆಂಥ ಮದ್ದಿನ ಹೊಡೆತ ತಾಳಿಕೊಂಡವನು ನೀನು. ಈ ತೇವಕ್ಕೆ ಹೆದರುತ್ತೀಯಾ?” ಎಂದಿತು ಒರೆ. “ನಿನ್ನನ್ನು ಅಪ್ಪಿಕೊಳ್ಳಲು ಈಗ ಉಳಿದಿರುವುದು ನಾನೊಬ್ಬನೇ.”

“ಹೊಡೆತ ಒಂದು ಕ್ಷಣದ್ದು. ಅದಾದ ಮೇಲೆ ಒರೆಸುವವರು ಇರುತ್ತಿದ್ದರು,” ಎಂದಿತು ರಿವಾಲ್ವರ್. ಒರೆ ಇನ್ನಷ್ಟು ಬಿಗಿಯಾಗಿ ಅಪ್ಪಿತು.

ಮರುವರ್ಷ ಬೋಜಮ್ಮ ಮನಸ್ಸು ಗಟ್ಟಿ ಮಾಡಿ ಬೀರು ತೆರೆದರು. ಒರೆ ಬಿಚ್ಚಿದರೆ ರಿವಾಲ್ವರಿನ ಮೈಯೆಲ್ಲ ತುಕ್ಕು; ಗುಂಡು ತುಂಬುವ ಉರುಳೆ ತಿರುಗಲೇ ಇಲ್ಲ. ಅವರು ನೆಲದ ಮೇಲೆ ಕುಳಿತು, ಹಳೆಯ ಸೀರೆಯ ತುಂಡಿಗೆ ಎಣ್ಣೆ ಹಾಕಿಕೊಂಡು ಸಂಜೆಯವರೆಗೂ ಉಜ್ಜಿದರು. ಕೊನೆಗೆ ಉರುಳೆ ತಿರುಗಿತು. ತುಕ್ಕು ತಿಂದ ಗುಳಿಗಳು ಮಾತ್ರ ಹಾಗೆಯೇ ಉಳಿದವು.

“ನಾನೇನು ತಪ್ಪು ಮಾಡಿದೆ? ಒಂದು ದಿನವೂ ನಿನ್ನನ್ನು ಬಿಡಲಿಲ್ಲ,” ಎಂದಿತು ಒರೆ.

“ನಿಜ,” ಎಂದಿತು ರಿವಾಲ್ವರ್. “ಬಿಡು ಎಂದು ಕೇಳಿದಾಗಲೂ ಬಿಡಲಿಲ್ಲ.”

ಬೋಜಮ್ಮ ರಿವಾಲ್ವರನ್ನು ಒಣಬಟ್ಟೆಯಲ್ಲಿ ಸುತ್ತಿ ಒಳಗಿಟ್ಟರು. ಖಾಲಿ ಒರೆಯನ್ನು ಗೋಡೆಯ ಮೊಳೆಗೆ ತೂಗುಹಾಕಿದರು. ಗಾಳಿಗೆ ಅದು ಬೇಗ ಒಣಗಿತು, ಆದರೆ ಅದರ ಮೈ ಇನ್ನೂ ರಿವಾಲ್ವರಿನ ಆಕಾರದಲ್ಲೇ ಇತ್ತು.