ಅಟ್ಟಣೆಯಿಂದ ಹಿಡಿದ ಹಗ್ಗ

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಯುಗಾದಿಯ ಮಾರನೆಯ ದಿನ. ಏಳನೆಯ ತರಗತಿಯ ಪರೀಕ್ಷೆ ಅರ್ಧಕ್ಕೆ ನಿಂತಿತ್ತು. ಈಗಲೂ ಅಲ್ಲೇ ನಿಂತಿದೆ. ಆಮೇಲೆ ಎಷ್ಟೋ ಊರು, ಎಷ್ಟೋ ಗುರುಗಳು. ಕೊನೆಗೆ ಗುಡ್ಡದ ಬುಡದ ಮಠದಲ್ಲಿ ಮರುಳಯ್ಯ ಗುರುಗಳ ಬಳಿ ಜಪಕ್ಕೆ ಕೂತೆ. ಅಷ್ಟು ಹೊತ್ತಿಗೆ ನನ್ನನ್ನು ಸೇರಿಸಿಕೊಳ್ಳುವವರು ಬೇರೆ ಯಾರೂ ಉಳಿದಿರಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ಅಲ್ಲೂ ಕಾಲು ನಿಲ್ಲದಾಯಿತು. ಒಂದು ಬೆಳಗ್ಗೆ ಕಂಬಳಿ ಸುತ್ತುತ್ತಲೇ ಅವರನ್ನು ಕೇಳಿದೆ.

"ಗುರುಗಳೇ, ಎಲ್ಲಿ ಕೂತರೂ ನನ್ನ ಮನಸ್ಸು ಗುರಿ ತಪ್ಪುತ್ತದೆ. ಮಠದಲ್ಲಿ ಸದ್ದು, ಗವಿಯಲ್ಲಿ ಸೊಳ್ಳೆ, ಹೊಳೆಯ ದಂಡೆಯಲ್ಲಿ ಜನ. ನನಗೆ ಸರಿಯಾದ ಜಾಗ ಯಾವುದು?"

ಗುರುಗಳು ಹಣೆ ಒತ್ತಿಕೊಂಡರು. "ಮತ್ತೆ ಶುರುವಾಯಿತಾ ತಮ್ಮಾ? ಕೂತುಕೋ. ಕೂರಲಿಕ್ಕೆ ಆಗದಿದ್ದರೆ ನಿಂತೇ ಕೇಳು."

ಹೀಗೆಂದು ಅವರು ಈ ಕತೆ ಹೇಳಿದರು.

ಒಬ್ಬ ಬೇಟೆಗಾರನಿದ್ದ. ಕಾಡಂಚಿನಲ್ಲಿ ಅವನದೊಂದು ಗೆಣಸಿನ ಹೊಲ. ಮನೆಮಂದಿಯ ಹೊಟ್ಟೆ ತುಂಬುತ್ತಿದ್ದುದು ಆ ಗೆಣಸಿನಿಂದಲೇ. ಒಂದು ಕಾಡುಹಂದಿಗೆ ಅದರ ರುಚಿ ಹತ್ತಿತು. ಸಂಜೆಯಾದರೆ ಬರುವುದು, ಒಂದು ಸಾಲು ಬಗೆದು ತಿಂದು ಹೋಗುವುದು. ಹೀಗೇ ಬಿಟ್ಟರೆ ಮಕ್ಕಳಿಗೆ ಉಪವಾಸವೇ ಗತಿ. ಹೊಲದ ನಡುವೆ ಒಂದು ಮತ್ತಿಮರವಿತ್ತು. ಬೇಟೆಗಾರ ಅದರ ಕೊಂಬೆಯ ಮೇಲೆ ಅಟ್ಟಣೆ ಕಟ್ಟಿ, ಬಿಲ್ಲು ಹಿಡಿದು ಕೂತ.

ಬಾಣ ದೂರ ಹೋದಷ್ಟೂ ಕೆಳಗೆ ಬಾಗುತ್ತದೆ. ದೂರ ಎಷ್ಟೆಂದು ಗೊತ್ತಿದ್ದರೆ ಮಾತ್ರ ಬಿಲ್ಲನ್ನು ಎಷ್ಟು ಎತ್ತಿ ಹಿಡಿಯಬೇಕೆಂದು ತಿಳಿಯುತ್ತದೆ. ಅದಕ್ಕಾಗಿ ಅವನ ಬಳಿ ಒಂದು ಹಗ್ಗವಿತ್ತು. ನೆಲದ ಮೇಲೆ ಆ ಹಗ್ಗದಷ್ಟು ದೂರದಲ್ಲಿ ಹುಲ್ಲಿನ ಕಂತೆ ಇಟ್ಟು, ಅವನೂ ಅವನ ಹೆಂಡತಿಯೂ ಹೊಡೆದು ಹೊಡೆದು ಕೈ ಪಳಗಿಸಿಕೊಂಡಿದ್ದರು. ಅಷ್ಟು ದೂರಕ್ಕೆ ಇಬ್ಬರ ಗುರಿಯೂ ತಪ್ಪುತ್ತಿರಲಿಲ್ಲ.

ಈಗ ಅವನು ಅಟ್ಟಣೆಯಲ್ಲಿ ಕೂತು ಹಗ್ಗದ ಒಂದು ತುದಿ ಹಿಡಿದ. ಹೆಂಡತಿ ಇನ್ನೊಂದು ತುದಿಯನ್ನು ಹೊಲದೊಳಕ್ಕೆ ಎಳೆದುಕೊಂಡು ಹೋಗಿ, ಹಗ್ಗ ಬಿಗಿಯಾದ ಕಡೆ ಸುಣ್ಣ ಬಳಿದ ಕಲ್ಲು ಇಟ್ಟಳು. ಹಂದಿ ಕಲ್ಲಿನ ಬಳಿ ಬಂದಾಗ ಹೊಡೆಯುವುದೆಂದು ಮಾತಾಯಿತು.

ಸಂಜೆ ಹಂದಿ ಬಂತು. ಕಲ್ಲಿನ ಬಳಿಯೇ ನಿಂತಿತು. ಅವನು ಹೊಡೆದ. ಬಾಣ ಹಂದಿಯ ಬೆನ್ನಿನ ಮೇಲಿಂದ ಹಾರಿಹೋಯಿತು.

"ಕೊಂಬೆ ಅಲುಗಿತು," ಎಂದ. ಅಟ್ಟಣೆಯನ್ನು ಬಿಚ್ಚಿ ಮೇಲಿನ ಕೊಂಬೆಗೆ ಕಟ್ಟಿದ. ಅಲ್ಲಿಂದ ಹಗ್ಗ ಹಿಡಿದು ಕಲ್ಲನ್ನು ಹೊಸದಾಗಿ ಇಡಿಸಿದ. ಈ ಸಲವೂ ಬಾಣ ಮೇಲಿಂದ ಹೋಯಿತು, ಮೊದಲಿಗಿಂತ ಇನ್ನಷ್ಟು ಮೇಲಿಂದ. "ಎಲೆ ಅಡ್ಡ ಬಂತು," ಎಂದ. ಅಟ್ಟಣೆ ಇನ್ನೂ ಮೇಲಕ್ಕೆ ಹೋಯಿತು.

ಕಲ್ಲು ಹೊತ್ತು ಹೊತ್ತು ಹೆಂಡತಿಗೆ ರೇಗಿತು.

"ಮಾರಾಯಾ, ನೀನು ಏರಿದ ಹಾಗೆಲ್ಲ ಈ ಕಲ್ಲು ಮರದ ಹತ್ತಿರ ಹತ್ತಿರ ಬರುತ್ತಿದೆ. ಇನ್ನೊಂದಿಷ್ಟು ಏರು, ಹಂದಿಯನ್ನು ತಂದು ಮರಕ್ಕೇ ಕಟ್ಟಿಹಾಕುತ್ತೇನೆ."

"ಹಗ್ಗ ಅದೇ, ದೂರವೂ ಅದೇ. ಸುಮ್ಮನೆ ಬಿಗಿಯಾಗಿ ಹಿಡಿ."

"ಒಂದು ಸಲ ಇಳಿದು ಬಂದು ಬುಡದಿಂದ ಹಿಡಿದು ನೋಡಬಾರದೇ?"

"ನಾನು ಕೂತಿರುವುದು ಬುಡದಲ್ಲೇನೇ?"

"ಕೂತಿರುವುದು ನೀನು. ಬೀಳುವುದು ಬಾಣ."

ಇಷ್ಟು ಕೇಳಿ ನನಗೆ ತಡೆಯಲಾಗಲಿಲ್ಲ. "ಹಗ್ಗ ಅದೇ ಅಲ್ಲವೇ ಗುರುಗಳೇ? ಅವನು ಹೇಳಿದ್ದರಲ್ಲಿ ತಪ್ಪೇನಿದೆ?" ಎಂದೆ.

"ಅಯ್ಯೋ ನಿನ್ನ! ಆ ಕಂಬಳಿ ಸುತ್ತುವುದನ್ನು ಬಿಟ್ಟು ಕೇಳು. ಮೇಲಿನಿಂದ ಓರೆಯಾಗಿ ಹಿಡಿದ ಹಗ್ಗದಲ್ಲಿ ಮರದ ಎತ್ತರವೂ ಸೇರಿಕೊಂಡಿದೆ. ಬಾಣ ಎಷ್ಟು ಬಾಗುತ್ತದೆ ಎನ್ನುವುದಕ್ಕೆ ಬುಡದಿಂದ ಹಂದಿಯವರೆಗಿನ ನೆಲವೇ ಲೆಕ್ಕ. ಆ ನೆಲ ಹಗ್ಗಕ್ಕಿಂತ ಕಡಿಮೆ. ಇವನು ಹಗ್ಗವನ್ನು ನಂಬಿ ಬಿಲ್ಲನ್ನು ಹೆಚ್ಚು ಎತ್ತಿದ. ಮೇಲೆ ಹೋದಷ್ಟೂ ತಪ್ಪು ಹೆಚ್ಚಿತು. ತಿಳಿಯಿತೇ?"

ನಾನು ತಲೆಯಾಡಿಸಿದೆ. ಗುರುಗಳಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಆದರೂ ಮುಂದುವರಿಸಿದರು.

ಹೊಲದಲ್ಲಿ ಕೊನೆಯ ಸಾಲುಗಳಷ್ಟೇ ಉಳಿದವು. ಬೇಟೆಗಾರ ತುದಿಯ ಕೊಂಬೆಯಿಂದ ಹೊಡೆದ ಬಾಣ ಹೊಲವನ್ನೇ ದಾಟಿ ಪೊದೆಗೆ ಬಿತ್ತು. ಹಂದಿ ತಲೆ ಕೂಡ ಎತ್ತಲಿಲ್ಲ. ಮಾರನೆಯ ಬೆಳಗ್ಗೆ ಅವನು ಬಿಲ್ಲನ್ನು ಆ ಕೊಂಬೆಗೇ ನೇತುಹಾಕಿ ಕೆಳಗಿಳಿದ.

"ಈ ಮರವೇ ಸರಿಯಿಲ್ಲ. ಬೇರೆ ಮರ ನೋಡಿಕೊಂಡು ಬರುತ್ತೇನೆ."

"ಗೆಣಸು ಇಲ್ಲಿದೆ, ಹಂದಿ ಬರುವುದೂ ಇಲ್ಲಿಗೆ. ಮರ ಎಲ್ಲೋ ಇದ್ದರೆ ಏನು ಬಂತು?" ಎಂದಳು ಹೆಂಡತಿ.

"ನಿನಗೆ ಇದೆಲ್ಲ ಅರ್ಥವಾಗುವುದಿಲ್ಲ," ಎಂದು ಅವನು ಕೊಡಲಿಯನ್ನು ಹೆಗಲಿಗೇರಿಸಿ ಕಾಡಿನೊಳಕ್ಕೆ ನಡೆದ. ಹಗ್ಗ ಹೆಂಡತಿಯ ಕೈಯಲ್ಲೇ ಉಳಿಯಿತು.

ಗುರುಗಳು ಅಲ್ಲಿಗೆ ನಿಲ್ಲಿಸಿ ನೀರು ಕುಡಿದರು.

"ಆಮೇಲೆ?" ಎಂದೆ. "ಅವನಿಗೆ ಸರಿಯಾದ ಮರ ಸಿಕ್ಕಿತೇ?"

"ಇನ್ನೂ ಹುಡುಕುತ್ತಿದ್ದಾನೆ. ಹಂದಿಯನ್ನು ಆ ಸಂಜೆಯೇ ಅವನ ಹೆಂಡತಿ ಹೊಡೆದಳು, ಹಗ್ಗವನ್ನು ಬುಡಕ್ಕೆ ಕಟ್ಟಿ ಅಳೆದು ಕಲ್ಲಿಟ್ಟು, ಅವನು ಬಿಟ್ಟುಹೋದ ಕೊಂಬೆಯಿಂದಲೇ."

ಕಂಬಳಿಯನ್ನು ಚೀಲಕ್ಕೆ ತುರುಕಿ ಚೀಲದ ಬಾಯಿ ಕಟ್ಟಿದೆ.