ಸ್ವಂತ ಇಚ್ಛೆಯಿಂದ ಬಾವಿಗಿಳಿದವನು

"ಬುದ್ಧೀ, ಯಾವ ರಾಜ್ಯದಲ್ಲಿ ಮನುಷ್ಯನಿಗೆ ಎಲ್ಲಕ್ಕಿಂತ ಹೆಚ್ಚು ಸ್ವಾತಂತ್ರ್ಯವಿದೆ?" ಎಂದು ಶಿಷ್ಯ ಕಲ್ಲಿನಾಥ ಗುರುಗಳನ್ನು ಕೇಳಿದ.

ಊಟದ ಹೊತ್ತಿನಿಂದಲೂ ಮಠದ ಶಿಷ್ಯರಲ್ಲಿ ಅದೇ ವಾದ ನಡೆದಿತ್ತು. ತೆರಿಗೆಯಿಲ್ಲದ ರಾಜ್ಯವೇ ಮೇಲೆಂದು ಒಬ್ಬ, ಬಾಯಿಗೆ ಬೀಗ ಹಾಕದ ರಾಜ್ಯವೇ ಮೇಲೆಂದು ಇನ್ನೊಬ್ಬ. ಅರಸನ ಕೈ ಎಲ್ಲಿ ಯಾರ ಮೈಮೇಲೂ ಬೀಳುವುದಿಲ್ಲವೋ ಅದೇ ಸ್ವತಂತ್ರ ರಾಜ್ಯ ಎಂಬುದು ಕಲ್ಲಿನಾಥನ ಪಟ್ಟು.

ಗುರುಗಳು ಹೇಳತೊಡಗಿದರು.

ಒಂದು ರಾಜ್ಯದಲ್ಲಿ ಬಾವಿ ತೋಡುವವನೊಬ್ಬನಿದ್ದ. ಅಲ್ಲಿ ಬಾವಿ ತೋಡುವವರೆಲ್ಲ ಅರಸನ ಆಳುಗಳು. ಅರಸನ ಕಡೆಯವರು ತೋರಿಸಿದಲ್ಲಿ ಅಗೆಯಬೇಕು. ಒಲ್ಲೆ ಎನ್ನುವ ಮಾತೇ ಇಲ್ಲ. ಕೆಲಸ ತಡವಾದರೂ ಛಡಿಯೇಟು. ಗಂಡನ ಬೆನ್ನಿಗೆ ಎಣ್ಣೆ ಹಚ್ಚಿ ಹಚ್ಚಿ ಅವನ ಹೆಂಡತಿಗೆ ಆ ನಾಡೇ ಬೇಡವಾಯಿತು. ಮಗಳೂ ಬೆಳೆದು ಇಂಥದೇ ಆಳಿನ ಮನೆ ಸೇರಬೇಕಲ್ಲ ಎಂಬ ಚಿಂತೆ ಬೇರೆ. "ಸತ್ತರೂ ಸರಿ, ಹೋಗೋಣ" ಎಂದವಳು ಅವಳೇ. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು, ಗಂಡನನ್ನು ಹೊರಡಿಸಿಕೊಂಡು, ಕಾವಲಿನವರ ಕಣ್ಣು ತಪ್ಪಿಸಿ ಪಕ್ಕದ ರಾಜ್ಯ ಸೇರಿದಳು.

ಆ ರಾಜ್ಯದಲ್ಲಿ ಯಾರೂ ಯಾರ ಆಳೂ ಅಲ್ಲ. ತೆರಿಗೆಯಿಲ್ಲ, ಸುಂಕವಿಲ್ಲ. ಬೇಕಾದ ಕಸುಬು ಮಾಡಬಹುದು, ಬೇಕಾದ ದೇವರಿಗೆ ಕೈಮುಗಿಯಬಹುದು, ಅರಸನನ್ನೇ ಬೈಯಬಹುದು. ಇಬ್ಬರು ಒಪ್ಪಿದ ಮಾತಿಗೆ ಮೂರನೆಯವನು ಅಡ್ಡ ಬರುವಂತಿಲ್ಲ, ಅರಸನೂ ಬರುವಂತಿಲ್ಲ. ತನ್ನ ಕೂಲಿಯನ್ನು ತಾನೇ ಹೇಳಿ ಪಡೆದು ಬಂದ ದಿನ ಗಂಡ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿಯಲ್ಲಿ ಕುಣಿದ. ಅವನು ಕುಣಿದದ್ದನ್ನು ಹೆಂಡತಿ ಅದುವರೆಗೆ ಕಂಡಿರಲಿಲ್ಲ. ಬಾಗಿಲಲ್ಲಿ ನಿಂತು ನಕ್ಕಳು; ಆಮೇಲೆ ಒಳಗೆ ಹೋಗಿ ಅತ್ತಳು.

ಆ ಊರಿನಲ್ಲಿ ಒಬ್ಬ ವರ್ತಕನಿದ್ದ. ದವಸದ ಅಂಗಡಿ ಅವನದು. ಕುಡಿಯುವ ನೀರಿನ ಬಾವಿ ಅವನದು. ಇವರು ಗುಡಿಸಲು ಹಾಕಿಕೊಂಡ ಜಾಗವೂ ಅವನದೇ. ಎಲ್ಲವನ್ನೂ ನ್ಯಾಯವಾಗಿಯೇ ಕೊಂಡಿದ್ದ. ಒಂದು ದಿನ ಅವನು ಬಂದು, ಹಳ್ಳದ ದಂಡೆಯಲ್ಲಿ ತನಗೊಂದು ಬಾವಿ ತೋಡಿಕೊಡು ಎಂದ. ಬಾವಿ ತೋಡುವವನು ಅಲ್ಲಿಗೆ ಹೋಗಿ ಮಣ್ಣು ಹಿಡಿದು ನೋಡಿದ. ಬರೀ ಉಸುಕು. ಆಳಕ್ಕೆ ಹೋದರೆ ಕುಸಿಯುವುದು ಖಂಡಿತ. "ನಾನೊಲ್ಲೆ" ಎಂದ.

ವರ್ತಕನಿಗೆ ಸಿಟ್ಟು ಬರಲಿಲ್ಲ. "ನಿನ್ನಿಷ್ಟ. ಇಲ್ಲಿ ಯಾರ ಮೇಲೂ ಬಲವಂತವಿಲ್ಲ" ಎಂದು ಹೇಳಿ ಹೋದ.

ಗಂಡ ಒಲ್ಲೆ ಎಂದನೆಂದು ಕೇಳಿ ಹೆಂಡತಿಗೆ ಹೆಮ್ಮೆಯಾಯಿತು. ನೆರೆಮನೆಯವಳ ಮುಂದೆಯೂ ಹೇಳಿಕೊಂಡಳು.

ಮರುದಿನ ಅವಳು ಕೊಡ ಹಿಡಿದು ಹೋದಾಗ ಬಾವಿಯ ಕಾವಲಿನವನು ನೀರು ಸೇದಗೊಡಲಿಲ್ಲ. ಅಂಗಡಿಯಲ್ಲಿ ಜೋಳ ಅಳೆಯಲಿಲ್ಲ. ಕೊಡುವುದು ಬಿಡುವುದು ಒಡೆಯರ ಇಷ್ಟ ಎಂದರು. ಬೇರೆ ಯಾರಾದರೂ ಕೆಲಸ ಕೊಟ್ಟಾರೆಂದು ಗಂಡ ಓಣಿ ಓಣಿ ತಿರುಗಿದ. ಯಾರೂ ಗದರಲಿಲ್ಲ, ಕೆಲಸವನ್ನೂ ಕೊಡಲಿಲ್ಲ; ವರ್ತಕನ ಬಾವಿಯ ನೀರು ಎಲ್ಲರಿಗೂ ಬೇಕಿತ್ತು. ಹೆಂಡತಿ ಹಳ್ಳದ ರಾಡಿಯನ್ನು ಸೆರಗಿನಲ್ಲಿ ಸೋಸಿ ಮಗಳಿಗೆ ಕುಡಿಸಿದಳು. ಮಗುವಿಗೆ ಭೇದಿ ಹಿಡಿಯಿತು. ಊರು ಬಿಡೋಣವೆಂದರೆ ಮಗು ದಾರಿಯಲ್ಲೇ ಹೋಗಿಬಿಡುವ ಸ್ಥಿತಿ. ಅಳುವುದನ್ನೂ ಬಿಟ್ಟು ಬಿದ್ದುಕೊಂಡಿತು.

ಗಂಡ ಗುದ್ದಲಿ ಎತ್ತಿಕೊಂಡ. ಹೋಗಬೇಡ ಎನ್ನಲು ಹೆಂಡತಿ ಬಾಯಿ ತೆರೆದಳು. ಮಗುವಿನ ಕಡೆ ನೋಡಿದಳು. ಹಗ್ಗ ತಂದು ಅವನ ಕೈಗೆ ಕೊಟ್ಟಳು.

ನಾಲ್ಕು ಜನರ ಎದುರಿಗೆ ವರ್ತಕ ಅವನನ್ನು ಕೇಳಿದ: "ನಿನ್ನ ಸ್ವಂತ ಇಚ್ಛೆಯಿಂದಲೇ ಬಂದೆಯಲ್ಲವೇ?" ಅವನು ಹೌದೆಂದ. ಕೂಡಲೇ ಗುಡಿಸಲಿಗೆ ನೀರೂ ಜೋಳವೂ ಬಂದವು. ಹೆಂಡತಿ ಗಂಜಿ ಕಾಸಿ ಮಗಳಿಗೆ ಕುಡಿಸಿದಳು. ಮಗು ಚೇತರಿಸಿಕೊಂಡು ಎದ್ದು ಕೂತ ದಿನ ಹಳ್ಳದ ದಂಡೆಯಲ್ಲಿ ಉಸುಕು ಕುಸಿಯಿತು. ಹೆಣ ತೆಗೆಯಲು ಇಳಿಯುವುದಕ್ಕೆ ಯಾರೂ ಒಪ್ಪಲಿಲ್ಲ. ಬಲವಂತ ಮಾಡುವಂತಿರಲಿಲ್ಲ.

ಹೆಂಡತಿ ಅರಸನಲ್ಲಿಗೆ ಹೋದಳು. ಅರಸ ಕೆಟ್ಟವನಲ್ಲ. ಅವಳನ್ನು ಕಾಯಿಸದೆ ಒಳಗೆ ಕರೆಸಿದ, ಕೂರಲು ಹೇಳಿದ.

"ನಿನ್ನ ಗಂಡನನ್ನು ಯಾರಾದರೂ ಹೊಡೆದರೇ? ಕಟ್ಟಿಹಾಕಿದರೇ?"

"ಇಲ್ಲ ದೊರೆಯೇ. ನನ್ನ ಮಗುವಿಗೆ ನೀರು ಕೊಡಲಿಲ್ಲ."

ಅರಸ ನಿಟ್ಟುಸಿರು ಬಿಟ್ಟ. "ಅವನ ನೀರು, ಅವನಿಷ್ಟ. ಕೊಡು ಎಂದು ನಾನು ಬಲವಂತ ಮಾಡಿದರೆ ಈ ರಾಜ್ಯದಲ್ಲಿ ಸ್ವಾತಂತ್ರ್ಯ ಉಳಿದೀತೇ, ತಾಯಿ?"

ಅವಳು ಎದ್ದು ಹಳ್ಳದ ದಂಡೆಗೆ ಬಂದಳು. ಗಂಡನ ಮೇಲೆ ಬಿದ್ದ ಉಸುಕಿಗೆ ಕೈಮುಗಿದು, ಮಗಳನ್ನು ಎತ್ತಿಕೊಂಡು ನಡೆದಳು. ಆ ರಾಜ್ಯದ ಗಡಿಯಲ್ಲಿ ಅವಳನ್ನು ಯಾರೂ ತಡೆಯಲಿಲ್ಲ.

ಗುರುಗಳು ಕಥೆ ಮುಗಿಸಿದರು. ಕಲ್ಲಿನಾಥ ತಡೆಯಲಾರದೆ ಕೇಳಿದ: "ಹಾಗಾದರೆ ಛಡಿಯೇಟಿನ ರಾಜ್ಯವೇ ಮೇಲೆನ್ನುತ್ತೀರಾ, ಬುದ್ಧೀ?"

"ಒಲ್ಲೆ ಎಂದವನ ಮನೆಯಲ್ಲೂ ಒಲೆ ಹೊತ್ತುವ ರಾಜ್ಯ ಎಲ್ಲಾದರೂ ಕಂಡರೆ ಬಂದು ಹೇಳಪ್ಪ, ನಾನೂ ಹೊರಡುತ್ತೇನೆ" ಎಂದರು ಗುರುಗಳು.